ಬ್ಯಾಂಕಾಕ್‌ನಲ್ಲಿ ಸಿಗೋದು ಒಂದೇ ದಿನ, ಏನು ನೋಡೋದು?

ಪ್ರಶ್ನೆ: ಅಪ್ಪ-ಅಮ್ಮನನ್ನು ಕರ್ಕೊಂಡು ಬ್ಯಾಂಕಾಕ್‌ಗೆ ಹೊರಟಿದ್ದೀನಿ. ಊರು ನೋಡೋಕೆ ಸಿಗೋದು ಒಂದೇ ದಿನ. ಅಪ್ಪನಿಗೆ ಮಂಡಿನೋವು, ಅಮ್ಮ ಈರುಳ್ಳಿ-ಬೆಳ್ಳುಳ್ಳಿ ಕೂಡ ತಿನ್ನಲ್ಲ. ಹೋಗಿ ಬಂದವರು ದಯವಿಟ್ಟು ಹೇಳಿ, ಏನು ನೋಡಬೇಕು, ಏನು ಬಿಡಬೇಕು?

* * *

ಮೊದಲು ಬಿಡೋದನ್ನ ಹೇಳ್ತೀನಿ. ಮಾಲ್‌ಗಳನ್ನೂ ತೇಲುವ ಮಾರುಕಟ್ಟೆಯನ್ನೂ ಬಿಟ್ಟುಬಿಡಿ. ಎಲ್ಲರೂ ಫೋಟೋ ಹಾಕುವ ಡಾಮ್ನೋಯೆನ್ ಸದುವಾಕ್ ಮಾರುಕಟ್ಟೆ ಊರಿಂದ ಸುಮಾರು 100 ಕಿ.ಮೀ. ದೂರ, ಅರ್ಧ ದಿನ ರಸ್ತೆಯಲ್ಲೇ ಕಳೆದುಹೋಗುತ್ತೆ. ಚಾವೊ ಪ್ರಾಯ ನದಿ ಬಿಟ್ಟು ದೂರ ಹೋಗಲೇಬೇಡಿ. ಗ್ರ್ಯಾಂಡ್ ಪ್ಯಾಲೇಸ್ ಅನ್ನೋ ಅರಮನೆ, ವಾಟ್ ಫೋ (ವಾಟ್ ಅಂದರೆ ಬೌದ್ಧ ದೇವಾಲಯ) ಒಂದೇ ದಡದಲ್ಲಿ ಹತ್ತಿರ ಹತ್ತಿರ ಇವೆ, ವಾಟ್ ಅರುಣ್ ಎದುರು ದಡದಲ್ಲಿ. ವಯಸ್ಸಾದವರ ಜೊತೆಗೆ ಈ ಮೂರೇ ಧಾರಾಳ.

ಅರಮನೆ ಬೆಳಗ್ಗೆ 8.30ಕ್ಕೆ ತೆರೆಯುತ್ತೆ, ಆಗಲೇ ಒಳಗಿರಿ. ಹತ್ತು ಗಂಟೆ ಆದ್ಮೇಲೆ ಆ ಬಿಸಿಲೂ ಜನವೂ ಅಪ್ಪನಿಗೆ ಕಷ್ಟ. ವಿದೇಶಿಯರಿಗೆ ಟಿಕೆಟ್ 500 ಬಾತ್ (ಅಲ್ಲಿನ ಹಣ). ಅರಮನೆ ಆವರಣದ ದೇವಾಲಯದಲ್ಲಿರುವ ಮರಕತ ಬುದ್ಧ ಬರೀ 66 ಸೆಂ.ಮೀ. ಎತ್ತರದ ಮೂರ್ತಿ, ಕೂತಿರೋದು ಮಾತ್ರ ತುಂಬಾ ಮೇಲೆ. ಬೇಸಿಗೆ, ಮಳೆ, ಚಳಿ ಮೂರು ಕಾಲಕ್ಕೂ ಬೇರೆ ಬೇರೆ ಚಿನ್ನದ ಉಡುಗೆ, ಅದನ್ನ ಬದಲಾಯಿಸೋದು ಸ್ವತಃ ರಾಜ.

ಗುಂಪಲ್ಲಿ ಬಂದವರು ಇಷ್ಟು ನೋಡಿ ಹೊರಟುಬಿಡ್ತಾರೆ. ನೀವು ಹಾಗೆ ಮಾಡಬೇಡಿ, ದೇವಾಲಯದ ಸುತ್ತಿನ ಪೌಳಿಗೆ ಬನ್ನಿ. ಗೋಡೆ ತುಂಬ ರಾಮಾಯಣ, 178 ಚಿತ್ರಗಳು. ನೆರಳಿದೆ, ಅವಸರ ಇಲ್ಲ. ಒಂದು ಕಡೆ ಹನುಮಂತ ಬೆಟ್ಟದಷ್ಟು ಬೆಳೆದು, ಮೈರಾವಣನ ಕೈಗೆ ಸಿಗದಿರಲಿ ಅಂತ ರಾಮನ ಬಿಡಾರವನ್ನೇ ಬಾಯೊಳಗೆ ಇಟ್ಟುಕೊಂಡು ಕಾಯ್ತಿದ್ದಾನೆ. ಬಿಳಿ ಮೈ, ಚಿನ್ನದ ಒಡವೆ, ಬಾಯೊಳಗೆ ಮಂಟಪ! ಅದರ ಮುಂದೆ ನಿಂತ ನಮ್ಮಮ್ಮ ಗೈಡ್ ಮಾತು ಕೇಳೋದು ಬಿಟ್ಟು ತಾವೇ ನಮಗೆಲ್ಲ ಕಥೆ ಹೇಳೋಕೆ ಶುರುಮಾಡಿದರು. ಒಂದು ಮಾತು, ಅಲ್ಲಿನ ಕಥೆಯಲ್ಲಿ ಸೀತೆ ರಾವಣನ ಮಗಳು, ಹನುಮಂತನಿಗೆ ಮತ್ಸ್ಯಕನ್ಯೆಯ ಜೊತೆ ಸಂಸಾರ. ನಿಮ್ಮಮ್ಮನಿಗೆ ಮೊದಲೇ ಹೇಳಿಡಿ. ನನ್ನ ಕೇಳಿದರೆ ಇಡೀ ದಿನದಲ್ಲಿ ಅತಿ ಹೆಚ್ಚು ಹೊತ್ತು ಕೊಡಬೇಕಾದ್ದು ಈ ಗೋಡೆಗಳಿಗೇ.

ವಾಟ್ ಫೋನ ಮಲಗಿದ ಬುದ್ಧ 46 ಮೀಟರ್ ಉದ್ದ. ಪಾದದ ಹತ್ತಿರ ನಿಂತು ನಿಧಾನವಾಗಿ ನೋಡಿ, ಅಂಗಾಲಲ್ಲಿ ಮುತ್ತಿನ ಚಿಪ್ಪಿನ ಕೆಲಸದ 108 ಮಂಗಳ ಚಿಹ್ನೆಗಳಿವೆ. ಥಾಯ್ ಮಸಾಜ್ ಕಲಿಸುವ ಹೆಸರಾಂತ ಶಾಲೆಯೂ ಇಲ್ಲೇ ಇದೆ. ಅಪ್ಪನಿಗೆ ಕಾಲು ಒತ್ತಿಸಿ, ಆದರೆ ಮಂಡಿನೋವು ಇದೆ ಅಂತ ಮೊದಲೇ ತಿಳಿಸಿ.

ಅಲ್ಲಿಂದ ತಾ ತಿಯೆನ್ ಕಟ್ಟೆಗೆ ನಡೆದರೆ 5 ಬಾತ್‌ಗೆ ದೋಣಿ, ವಾಟ್ ಅರುಣ್ ತಲುಪ್ತೀರಿ. ಗೋಪುರದ ಮೆಟ್ಟಿಲು ತುಂಬಾ ಕಡಿದು, ಅಪ್ಪನನ್ನ ಹತ್ತಿಸಬೇಡಿ. ಪಿಂಗಾಣಿ ಚೂರುಗಳಿಂದ ಮಾಡಿದ ಹೂಗಳು ಕೆಳಗೆ ನಿಂತರೂ ಚೆನ್ನಾಗಿ ಕಾಣುತ್ತವೆ.

* * *

ಮೇಲಿನವರು ಹೇಳಿದ್ದೆಲ್ಲ ಸರಿ, ನಂದು ಎರಡು ಸೇರಿಸ್ಕೊಳ್ಳಿ. ಅರಮನೆ ಹತ್ತಿರ ಯಾರಾದ್ರೂ ನಗುನಗುತ್ತಾ ಬಂದು "ಇವತ್ತು ಮುಚ್ಚಿದೆ, ಬೇರೆ ದೇವಸ್ಥಾನ ತೋರಿಸ್ತೀನಿ" ಅಂದರೆ ನಿಲ್ಲಬೇಡಿ. ಅಗ್ಗಕ್ಕೆ ಟುಕ್‌ಟುಕ್ ಹತ್ತಿಸಿ ನೇರ ಹರಳಿನ ಅಂಗಡಿಗೆ ಒಯ್ತಾರೆ. ನಮಗೂ ಒಬ್ಬ ಹೀಗೇ ಅಂದ, ಇನ್ನೂರು ಹೆಜ್ಜೆ ಮುಂದೆ ಹೋದರೆ ಬಾಗಿಲು ತೆರೆದೇ ಇತ್ತು.

ಹೋಗೋಕೆ ಮೆಟ್ರೋ ಒಳ್ಳೇದು. ನೀಲಿ ಲೈನಿನ ಸನಮ್ ಚೈ ಸ್ಟೇಷನ್‌ನಲ್ಲಿ ಇಳಿದರೆ ವಾಟ್ ಫೋ ಪಕ್ಕದಲ್ಲೇ. ಬಟ್ಟೆ ಭುಜ, ಮಂಡಿ ಮುಚ್ಚೋ ಹಾಗಿರಲಿ. ಸೀರೆ ಉಟ್ಟರೆ ಮೇಲೆ ಒಂದು ಶಾಲು ಇಟ್ಕೊಳ್ಳಿ.

* * *

ಊಟದ ಬಗ್ಗೆ ಯಾರೂ ಹೇಳಲಿಲ್ಲ. ಬರೀ ವೆಜಿಟೇರಿಯನ್ ಅಂದರೆ ಮೊಟ್ಟೆ ಬರುತ್ತೆ, ಎಷ್ಟೋ ಸಲ ಮೀನಿನ ಸಾಸ್ ಕೂಡ. "ಕಿನ್ ಜೇ" ಅನ್ನಿ. ಜೇ ಅಡುಗೆಯಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಏನೂ ಇರಲ್ಲ, ಈರುಳ್ಳಿ-ಬೆಳ್ಳುಳ್ಳಿಯೂ ಇಲ್ಲ, ನಿಮ್ಮಮ್ಮನಿಗೆ ಹೇಳಿ ಮಾಡಿಸಿದ ಹಾಗೆ. ಹಳದಿ ಹಲಗೆ ಮೇಲೆ ಕೆಂಪಕ್ಷರ ಇದ್ದರೆ ಅದೇ ಅಂಗಡಿ. ಸಿಗದಿದ್ದರೆ ಪಹುರತ್ ಅನ್ನೋ ಬಡಾವಣೆಗೆ ಹೋಗಿ, ಅಲ್ಲಿ ಗುರುದ್ವಾರದ ಸುತ್ತಮುತ್ತ ಇಂಡಿಯನ್ ಹೋಟೆಲುಗಳಿವೆ. ಕೈಲಿ ಬಾಳೆಹಣ್ಣು, ನೀರು ಸದಾ ಇರಲಿ.