ಬಾತಿಗೆ ಬಾಸಿಂಗ ಕಟ್ಟಬ್ಯಾಡ

ಸುರಪುರ. ಟೇಲರ್ ಮಂಜಿಲ್ ಗುಡ್ಡದ ಕೆಳಗಿನ ಚಹಾದಂಗಡಿ. ಸುಸಲಾ ತಾಟು ನಡುವ, ಸುತ್ತ ಮೂವರು: ಮದುವಿ ಶೂಟಿಂಗಿನ ಶಿವು, ಕೊರಳಾಗ ದುರ್ಬೀನು ಇಳಿಬಿಟ್ಟ ರಫೀಕ್, ಬಾಡಿಗಿ ಡ್ರೋನಿಂದ ಹೊಲಕ್ಕ ಕೀಟನಾಶಕದ ಎಣ್ಣಿ ಹೊಡಸೋ ಮಲ್ಲಣ್ಣ ಕಾಕಾ.

"ಪ್ರಿವೆಡ್ಡಿಂಗ್‌ಗೆ ಬೋನಾಳ ಪಕ್ಷಿಧಾಮದ ಕೆರಿ ಫಿಕ್ಸ್," ಅಂದ ಶಿವು. "ಗಂಡು-ಹೆಣ್ಣು ದಂಡಿಗೆ ಕೈ ಹಿಡ್ಕೊಂಡು ನಿಂತಿರ್ತಾರ. ಡ್ರೋನ್ ಸೀದಾ ಮ್ಯಾಲಿಂದ ಇಳೀತದ. ಹಿಂದ ಪಟ್ಟೆತಲೆ ಹೆಬ್ಬಾತು ಒಮ್ಮೆಲೆ ಭರ್ರ್ ಅಂತ ಏಳ್ತಾವ. ಸ್ಲೋ ಮೋಷನ್!"

"ಹಿಮಾಲಯ ದಾಟಿ ಬಂದಾವಪಾ ಅವು, ನಿನ್ನ ಬೀಗರಲ್ಲ," ಅಂದ ರಫೀಕ್. "ಹೊಲದಾಗ ಮೇಯ್ದು ಬಂದು, ಹಗಲಿ ನೀರ ದಂಡಿಗೆ ದಣಿವಾರಿಸ್ಕೋತಾವ. ನೀ ಎಬ್ಬಿಸಿದಷ್ಟು ಸಲ ತಿಂದಿದ್ದೆಲ್ಲಾ ಖರ್ಚು. ವಾಪಸ್ ಹೋಗ್ಲಾಕ ಮೈಯಾಗ ಕೊಬ್ಬು ಬೇಕು."

"ನನ್ನ ಡ್ರೋನ್ 249 ಗ್ರಾಂದು. 250ರ ಒಳಗ ನ್ಯಾನೋ, ಪೈಲಟ್ ಲೈಸೆನ್ಸೇ ಬ್ಯಾಡ."

"ಅದು 2021ರ ಡ್ರೋನ್ ನಿಯಮ. ಬಾತು ಅದನ್ನ ಓದಿಲ್ಲ. ಪಕ್ಷಿಧಾಮದಾಗ ಹಾರ್ಸ್ಲಾಕ ಅರಣ್ಯ ಇಲಾಖೆ ಅನುಮತಿ ಬೇರೆ ಬೇಕು. 1972ರ ವನ್ಯಜೀವಿ ಕಾಯ್ದೆದಾಗ ಹಕ್ಕಿ ಗೂಡು ಕೆದಕಿದ್ರೂ ಬೇಟೆ ಅಂತನೇ ಲೆಕ್ಕ."

"ಗೂಡಿಗ್ಯಾಕ ಹೋಗ್ಲಿ? ಮ್ಯಾಲಿಂದ ಇಳಿಸ್ತೀನಿ ಅಷ್ಟೇ."

"ಇಳಿಸೋದೇ ತಪ್ಪು! ಮ್ಯಾಲಿಂದ ಸೀದಾ ಎರಗೋದು ಯಾರು? ಡೇಗೆ. 2015ರಾಗ ಫ್ರಾನ್ಸ್‌ನಾಗ ಬಾತು, ರಾಜಹಂಸದ ಮ್ಯಾಲೆ ಪರೀಕ್ಷಾ ಮಾಡಿದ್ರು. ನೂರಕ್ಕ ಎಂಬತ್ತು ಸಲ ನಾಲ್ಕು ಮೀಟರ್ ಸಮೀಪ ಬಂದ್ರೂ ಹಕ್ಕಿ ಕದಲಲಿಲ್ಲ. ನೆತ್ತಿ ಮ್ಯಾಲಿಂದ ಇಳಿಸಿದಾಗ ಮಾತ್ರ ಗಡಿಬಿಡಿ ಜಾಸ್ತಿ. ನೂರು ಮೀಟರ್ ದೂರದಿಂದ ಡ್ರೋನ್ ಹಾರ್ಸ್ರಿ, ನೆತ್ತಿ ಮ್ಯಾಲೆ ಇಳಿಸಬ್ಯಾಡ್ರಿ ಅಂತ ಅವರ ಸಲಹೆ."

ಶಿವು ಮುಖ ಅರಳ್ತು. "ನಾಲ್ಕು ಮೀಟರ್! ಅಂದ್ರ ಆರಾಮ್ ಅವ."

"ಬೀಗರ ಊಟದಾಗ ಸಾರಿಗೆ ಉಪ್ಪಿಲ್ಲಂದ್ರ ಯಾರರ ಎದ್ದು ಹೋಗ್ತಾರೇನು? ಕುಂತೇ ಕುದೀತಾರ. ಅಮೆರಿಕಾದಾಗ ಕರಡಿಗೆ ಎದಿ ಬಡಿತ ಅಳೆಯೋ ಯಂತ್ರ ಕೂಡ್ಸಿ ಮ್ಯಾಲೆ ಡ್ರೋನ್ ಹಾರ್ಸಿದ್ರು. ಕರಡಿ ಅಲ್ಲಾಡಲಿಲ್ಲ, ಎದಿ ಮಾತ್ರ ಡಬ ಡಬ. ಹಕ್ಕಿ ಮೇಯೋದು ಬಿಟ್ಟು ಕತ್ತು ನೀಟಿ ನಿಂತ್ರ ತಿಳ್ಕೋ, ಅಲ್ಲಿಂದನೇ ಹಿಂದಕ್ಕ ತಿರುಗ್ಸಬೇಕು."

ಕಾಕಾ ಮೆಣಸಿನಕಾಯಿ ಭಜಿ ಮುರದ್ರು. "ಹದ್ದು ಬಂದು ಹೊಡದ್ರ?"

"ಸರ್ ಅಂತ ಮ್ಯಾಲೆ ಏರ್ಸಬೇಕು ಕಾಕಾ. ಹದ್ದು ಇಳಿಯೋ ಜೋರ್‌ನಾಗ ಏರಂಗಿಲ್ಲ. ಆಮ್ಯಾಲೆ ದೂರ ಸರಿಸಿ, ಆ ಜಾಗ ಬಿಟ್ಟು ಇಳಿಸೋದು. ಫ್ಯಾನಿಗೆ ಅದರ ಕಾಲು ಸಿಕ್ಕರ ಮುಗೀತು."

"ಕೆರಿ ಮ್ಯಾಲೆ ಇನ್ನೊಂದು ಫಜೀತಿ ಅದ," ಶಿವು ತಾನೇ ಒಪ್ಪಿಕೊಂಡ. "ಹೊಟ್ಟಿ ಕೆಳಗಿನ ಸೆನ್ಸಾರ್ ನೀರಿನ ಅಲಿ ನೋಡಿ ದಾರಿ ತಪ್ತದ, ಡ್ರೋನ್ ತೇಲಿಕೊಂತ ಜಾರ್ತದ. ಬ್ಯಾಟರಿ ಪೂರಾ ಸತ್ತರ ಎಲ್ಲದನೋ ಅಲ್ಲೇ ಸೀದಾ ಕೆಳಗ."

"ಕ್ಯಾಲಿಫೋರ್ನಿಯಾದಾಗ 2021ರ ಮೇದಾಗ ಹಂಗೇ ಒಂದು ಡ್ರೋನ್ ಬಿದ್ದಿತ್ತು. ಬೋಲ್ಸಾ ಚಿಕಾ ಅನ್ನೋ ಜಾಗದಾಗ ರೀವ ಹಕ್ಕಿಗಳು ಕಾವು ಕುಂತಿದ್ವು. ಅವುಗಳ ನಡುವನೇ ಬಿತ್ತು. ಹಿಂಡೆಲ್ಲಾ ಎದ್ದು ಹೋತು. 1,500ಕ್ಕೂ ಹೆಚ್ಚು ಮೊಟ್ಟಿ ಉಸುಕಿನ ಮ್ಯಾಲೆ ಹಂಗೇ ಉಳದ್ವು."

ಒಂದು ಗುಟುಕು ಚಹಾದಷ್ಟು ಹೊತ್ತು ಯಾರೂ ಮಾತಾಡಲಿಲ್ಲ.

"ನಮ್ಮ ಎಣ್ಣಿ ಡ್ರೋನಿಗೆ ಏನ್ ಮಾಡ್ಬೇಕಪಾ?" ಕಾಕಾ ಕೇಳಿದ್ರು. "ಹತ್ತು ಲೀಟರ್ ಟಾಕಿ, ಬೆಳಿ ಮ್ಯಾಲೆ ಎರಡು-ಮೂರು ಮೀಟರ್. ಎಕರೆಕ್ಕ ಹತ್ತು ನಿಮಿಷನೂ ಹಿಡ್ಯಾಂಗಿಲ್ಲ."

"ಅದರ ಗಾಳಿ ನೋಡೀರಿಲ್ಲ? ಗಿಡ ಮಲಗ್ತಾವ. ಜುಲೈದಾಗ ಹೆಸರಿಗೆ ಹೊಡ್ಯಾಕ ಹೋದ್ರ ಬದುವಿನ ಗರಸಿನ್ಯಾಗ ಟಿಟ್ಟಿಭ ಹಕ್ಕಿದು ನಾಲ್ಕು ಮೊಟ್ಟಿ ಇರ್ತಾವ, ಹರಳು ಯಾವ್ದು ಮೊಟ್ಟಿ ಯಾವ್ದು ತಿಳ್ಯಾಂಗಿಲ್ಲ. ಮೊದ್ಲು ಬದು ಒಂದು ಸುತ್ತು ನಡೀರಿ. ಟಿಟ್ಟಿಭ ತಲಿ ಮ್ಯಾಲೆ ಬಂದು ಒದರ್ಲಾಕತ್ರ ಗೂಡು ಅಲ್ಲೇ ಎಲ್ಲೋ ಅದ. ಒಂದು ಕಟಗಿ ನೆಟ್ಟು ಗುರ್ತು ಮಾಡ್ರಿ, ಅಷ್ಟು ಜಾಗ ಕೈಪಂಪಿಗೆ ಬಿಡ್ರಿ."

"ಅಂದ್ರ ಡ್ರೋನ್ ಪಾಪಿ ಅನ್ನು," ಶಿವು ಮುನಿಸಿಕೊಂಡ.

"ಅಲ್ಲೋ! ಆಸ್ಟ್ರೇಲಿಯಾದಾಗ ದಂಡಿ ತುಂಬ ಸಾವಿರಾರು ಪ್ಲಾಸ್ಟಿಕ್ ಬಾತು ಹರವಿ ಎಣಿಸಿದ್ರು. ದುರ್ಬೀನು ಹಿಡದವರು ಸೋತ್ರು, ಡ್ರೋನ್ ಫೋಟೋನೇ ಲೆಕ್ಕದಾಗ ಗೆದ್ದಿತು."

"ದುರ್ಬೀನಿನವರು ಸೋತ್ರು? ಇನ್ನೊಮ್ಮೆ ಹೇಳು."

"ಚಹಾ ಕುಡಿ."

"ಹಂಗಾದ್ರ ನನ್ನ ಫ್ರೇಮಿಗೆ ಬಾತು ಎಲ್ಲಿಂದ ತರ್ಲಿ?"

"ಎಡಿಟಿಂಗ್‌ನಾಗ ಹಾಕು," ಅಂದ್ರು ಕಾಕಾ. "ಹೋದ ವರ್ಷ ಮದುಮಗನ ಬೋಳು ತಲಿಗೆ ಕೂದ್ಲಾನೇ ಹಾಕಿದವ, ನಿನಗ ಬಾತು ಎಷ್ಟರದು?"