ರೆಡಿಂಗ್‌ನಿಂದ ಬ್ರಿಸ್ಟಲ್‌ಗೆ ಕೆನಾಲ್ ಪಕ್ಕ ಸೈಕಲ್ ಟೂರ್: ಪೂರ್ತಿ ಟೋಪಾಥ್ ಹಿಡೀಬೇಕಾ, ಬಿಡ್ಬೇಕಾ?

ಎರಡನೇ_ಗೇರ್

ಎಲ್ರಿಗೂ ನಮಸ್ಕಾರ. ಮೇ ಶುರುವಲ್ಲಿ ರಜೆ ಹಾಕಿದೀನಿ, ಇಂಗ್ಲೆಂಡಿನ ರೆಡಿಂಗ್‌ನಿಂದ ಹೊರಟು ಕೆನೆಟ್ ಅಂಡ್ ಏವನ್ ಕೆನಾಲ್ ಹಿಡ್ಕೊಂಡು ಬ್ರಿಸ್ಟಲ್ ತನಕ ನಿಧಾನಕ್ಕೆ ಹೋಗೋಣ ಅಂತ ಪ್ಲಾನು. ಮ್ಯಾಪಲ್ಲಿ ನೋಡಿದ್ರೆ 87 ಮೈಲಿ ನೀರಿನ ದಾರಿ, ಪಕ್ಕದಲ್ಲೇ ಟೋಪಾಥ್ (ಹಿಂದೆ ಕುದುರೆಗಳು ದೋಣಿ ಎಳ್ಕೊಂಡು ಹೋಗ್ತಿದ್ದ ದಡದ ದಾರಿ), ದೊಡ್ಡ ಏರಿಲ್ಲ ಇಳಿವಿಲ್ಲ, ದಾರಿ ತಪ್ಪೋ ಮಾತೇ ಇಲ್ಲ. ಆದ್ರೆ ಕೇಳಿದೋರು ಒಬ್ಬೊಬ್ರು ಒಂದೊಂದು ಹೇಳ್ತಿದಾರೆ, ಒಬ್ರು ಸೂಪರ್ ಅಂತಾರೆ ಇನ್ನೊಬ್ರು ಬೆನ್ನು ಮುರಿಯುತ್ತೆ ಅಂತಾರೆ. ನಂದು ಹೈಬ್ರಿಡ್ ಸೈಕಲ್, 35 ಎಂಎಂ ಟೈರು, ಹಿಂದೆ ಎರಡು ಪ್ಯಾನಿಯರ್ (ಪಕ್ಕಕ್ಕೆ ನೇತು ಹಾಕೋ ಬ್ಯಾಗು). ಟೆಂಟ್ ಇಲ್ಲ, ರಾತ್ರಿ ಬಿ ಅಂಡ್ ಬಿ (ತಿಂಡಿ ಸಮೇತ ಬಾಡಿಗೆ ರೂಮು). ಪೂರ್ತಿ ಟೋಪಾಥ್‌ನಲ್ಲೇ ಹೋಗ್ಬಹುದಾ? ಇನ್ನೊಂದು, ಬರೀ ನೀರು ನೋಡಿ ಬೋರ್ ಆಗ್ಬಾರ್ದು, ದಾರೀಲಿ ಒಳ್ಳೆ ಕಾಡು ಎಲ್ಲಾದ್ರೂ ಸಿಗುತ್ತಾ?

ಸೈಕಲ್_ಶಾನುಭೋಗ

ಇಬ್ರು ಹೇಳಿದ್ದೂ ನಿಜಾನೇ, ಅವರು ಬೇರೆ ಬೇರೆ ತುಂಡು ಓಡಿಸಿರ್ತಾರೆ ಅಷ್ಟೆ. ಪೂರ್ತಿ ಟೋಪಾಥ್ ಹಿಡೀತೀನಿ ಅಂತ ಹಠ ಮಾತ್ರ ಮಾಡ್ಬೇಡಿ. ಅದನ್ನ ಮಾಡಿದ್ದು ದೋಣಿ ಎಳೆಯೋ ಕುದುರೆಗೆ, ಲೋಡ್ ಹಾಕಿದ ಸೈಕಲ್‌ಗಲ್ಲ. ನ್ಯಾಷನಲ್ ಸೈಕಲ್ ನೆಟ್‌ವರ್ಕ್‌ನ ರೂಟ್ 4 ಇದೇ ದಿಕ್ಕಲ್ಲಿ ಹೋಗುತ್ತೆ, ಎಲ್ಲಿ ಟೋಪಾಥ್ ಚೆನ್ನಾಗಿದ್ಯೋ ಅಲ್ಲಿ ಟೋಪಾಥ್, ಇಲ್ಲದ ಕಡೆ ಹಳ್ಳಿ ರಸ್ತೆ, ನೀಲಿ ಬೋರ್ಡಲ್ಲಿ ಕೆಂಪು ಚೌಕದೊಳಗೆ 4 ಅಂತ ಬರ್ದಿರುತ್ತೆ. ಅದನ್ನೇ ಫಾಲೋ ಮಾಡಿ.

ರೆಡಿಂಗ್‌ನಿಂದ ನ್ಯೂಬರಿ ತನಕ ಬಹುಪಾಲು ನೀರಿನ ಪಕ್ಕಾನೇ, ಆದ್ರೆ ಥೀಲ್ ದಾಟಿದ ಮೇಲೆ ಕೆಲವು ಕಡೆ ದಾರಿ ಅಂದ್ರೆ ಹುಲ್ಲಿನ ಮಧ್ಯ ಒಂದು ಗೀಟು. ಒಂದು ಕಡೆ ನೀರು, ಇನ್ನೊಂದು ಕಡೆ ಸೊಂಟದೆತ್ತರ ನೆಟಲ್ ಅನ್ನೋ ತುರಿಕೆ ಗಿಡ, ಶಾರ್ಟ್ಸ್ ಹಾಕಿದ್ರೆ ಗೊತ್ತಾಗುತ್ತೆ. ಹಂಗರ್‌ಫರ್ಡ್ ಆದ್ಮೇಲೆ ಡಿವೈಜಸ್ ತನಕ ರೂಟ್ 4 ಹಳ್ಳಿ ರಸ್ತೇಲಿ ಹೋಗುತ್ತೆ, ಅಯ್ಯೋ ಕೆನಾಲ್ ಬಿಟ್ಟು ಹೋಯ್ತಲ್ಲ ಅಂತ ಬೇಜಾರಾಗ್ಬೇಡಿ, ಪ್ಯೂಸಿ ಕಣಿವೆ ಇರೋದೇ ಅಲ್ಲಿ, ಎಡಕ್ಕೆ ಬಲಕ್ಕೆ ಸುಣ್ಣಕಲ್ಲಿನ ಬೋಳು ಗುಡ್ಡ, ನಡುವೆ ಸಮ ನೆಲ. ಆ ಭಾಗದ ಟೋಪಾಥ್ ಹಿಡಿದ್ರೆ 15 ಮೈಲಿ ಒಂದು ಲಾಕೂ (ದೋಣಿ ಏರಿಸಿ ಇಳಿಸೋ, ಗೇಟಿರೋ ನೀರಿನ ಕಟ್ಟೆ) ಇಲ್ಲ, ನೋಡೋಕೆ ಚೆಂದ, ಓಡ್ಸೋಕೆ ಉಬ್ಬುತಗ್ಗು ಹುಲ್ಲು.

ದಾರೀಲಿ ಕ್ರಾಫ್ಟನ್ ಪಂಪಿಂಗ್ ಸ್ಟೇಷನ್ ತಪ್ಪಿಸ್ಬೇಡಿ. ಕೆನಾಲ್‌ನ ಅತಿ ಎತ್ತರದ ಜಾಗ ಅಲ್ಲೇ ಹತ್ರ, ಒಂದೊಂದು ದೋಣಿ ಲಾಕ್ ದಾಟಿದಾಗ್ಲೂ ಮೇಲಿನ ನೀರು ಎರಡೂ ಕಡೆ ಇಳಿದು ಹೋಗ್ತಾನೇ ಇರುತ್ತೆ, ಅದನ್ನ ವಾಪಸ್ ತುಂಬಿಸ್ಬೇಕಲ್ಲ, ಅದಕ್ಕೆ 1812ರ ಬೌಲ್ಟನ್ ಅಂಡ್ ವಾಟ್ ಸ್ಟೀಮ್ ಎಂಜಿನ್ ಇಟ್ಟಿದಾರೆ, ಇವತ್ತಿಗೂ ಕೆಲವು ವೀಕೆಂಡಲ್ಲಿ ಕಲ್ಲಿದ್ದಲು ಹಾಕಿ ಓಡಿಸ್ತಾರೆ. ಯಾವ ದಿನ ಸ್ಟೀಮು ಅಂತ ನೋಡ್ಕೊಂಡೇ ಡೇಟ್ ಫಿಕ್ಸ್ ಮಾಡೋದು ಒಳ್ಳೇದು.

ಡಿವೈಜಸ್‌ನಿಂದ ಬಾತ್ ತನಕ ಮಾತ್ರ ಕಣ್ಮುಚ್ಕೊಂಡು ಟೋಪಾಥ್. ಶುರುವಲ್ಲೇ ಕೇನ್ ಹಿಲ್, ಎರಡು ಮೈಲೀಲಿ 29 ಲಾಕು, ಅದ್ರಲ್ಲಿ 16 ಒಂದೇ ನೇರಕ್ಕೆ ಗುಡ್ಡದ ಮೇಲಿಂದ ಕೆಳಗೆ. ಲಾಕ್ ಲಾಕ್ ಮಧ್ಯ ನೀರು ನಿಲ್ಲೋಕೆ ಜಾಗ ಸಾಲಲ್ಲ ಅಂತ ಪ್ರತಿಯೊಂದಕ್ಕೂ ಪಕ್ಕದಲ್ಲಿ ಒಂದು ಅಗಲ ಕೆರೆ ಕೊಟ್ಟಿದಾರೆ. ದೋಣಿಯವ್ರು ಇದನ್ನ ಹತ್ತೋಕೆ ಅರ್ಧ ದಿನ ಹೆಣಗ್ತಾರೆ, ನೀವು ಪಶ್ಚಿಮಕ್ಕೆ ಹೋಗ್ತಿರೋದ್ರಿಂದ ಸುಮ್ನೆ ಕೂತ್ರೆ ಇಳಿಯುತ್ತೆ. ಬ್ರೇಕ್ ಮೇಲೆ ಕೈ ಇರ್ಲಿ, ಜನ ಇರ್ತಾರೆ.

ಬ್ಲೂಬೆಲ್_ಭಾವ

ಕಾಡಿನ ವಿಷ್ಯ ನಂಗ್ ಬಿಡಿ 😀 ಶಾನುಭೋಗ್ರು ಪ್ಯೂಸಿ ಕಣಿವೆ ಅಂದ್ರಲ್ಲ, ಅದಕ್ಕಿಂತ ಸ್ವಲ್ಪ ಮುಂಚೆ ಗ್ರೇಟ್ ಬೆಡ್ವಿನ್ ಹತ್ರ ರೂಟ್ 403 ಅಂತ ಕವಲು ಒಡೆಯುತ್ತೆ, ಅದು ಸ್ಯಾವರ್ನೇಕ್ ಕಾಡಿನೊಳಗಿಂದ ಮಾರ್ಲ್‌ಬರಾಗೆ ಹೋಗುತ್ತೆ. ಇದು ಸರ್ಕಾರದ್ದಲ್ಲ, ಖಾಸಗಿ ಒಡೆತನದ ಹಳೇ ಕಾಡು, ಸಾರ್ವಜನಿಕ ಹಕ್ಕು ಬಂದ್ಬಿಡುತ್ತೆ ಅಂತ ವರ್ಷಕ್ಕೊಂದು ದಿನ ಒಳಗಿನ ರಸ್ತೆಗಳನ್ನ ಮುಚ್ಚೋ ಪದ್ಧತಿ ಇದೆ. ಗ್ರ್ಯಾಂಡ್ ಅವೆನ್ಯೂ ಅಂತ ಒಂದು ರಸ್ತೆ, ನಾಲ್ಕು ಮೈಲಿ ಹತ್ರ ಹತ್ರ, ಸೂತ್ರ ಹಿಡಿದ ಹಾಗೆ ನೇರ, ಎರಡೂ ಕಡೆ ಬೀಚ್ ಮರ. ಗುಂಡಿ ಇದೆ, ನಿಮ್ಮ 35 ಎಂಎಂ ಟೈರಿಗೆ ನಡೆಯುತ್ತೆ.

ಬೀಚ್ ಕಾಡಿನ ಮಜಾ ಏನಂದ್ರೆ, ಮೇ ಶುರುವಲ್ಲಿ ಎಲೆ ಈಗಷ್ಟೇ ಬಿಟ್ಟಿರುತ್ತೆ, ತೆಳು ಹಸಿರು, ಬಿಸಿಲು ಒಳಗಿಂದ ಹಾಯ್ದು ಬರುತ್ತೆ. ತಿಂಗಳು ಕಳೆದ್ರೆ ಅದೇ ಎಲೆ ದಪ್ಪ ಆಗಿ ನೆಲಕ್ಕೆ ಬೆಳಕೇ ಬೀಳಲ್ಲ. ಆ ಬೆಳಕು ಮುಚ್ಚೋ ಮೊದ್ಲೇ ಹೂ ಬಿಟ್ಟು ಮುಗಿಸ್ಬೇಕು ಅಂತ ಬ್ಲೂಬೆಲ್‌ಗಳು ಏಪ್ರಿಲ್ ಕೊನೇಲಿ ನೆಲ ತುಂಬ ಏಳ್ತವೆ. ಅದಕ್ಕೆ ಮಾರ್ಲ್‌ಬರಾ ಪಶ್ಚಿಮಕ್ಕಿರೋ ವೆಸ್ಟ್ ವುಡ್ಸ್ ಫೇಮಸ್ಸು, ನಿಮ್ಮ ಡೇಟಿಗೆ ಸರಿಯಾಗಿ ಸಿಗ್ಬಹುದು. ಸ್ಟೋನ್‌ಹೆಂಜ್‌ನ ದೊಡ್ಡ ಸಾರ್ಸೆನ್ ಕಲ್ಲುಗಳಲ್ಲಿ ಹೆಚ್ಚಿನವು ಈ ಕಾಡಿಂದಾನೇ ಹೋಗಿದ್ದು ಅಂತ 2020ರಲ್ಲಿ ಕಲ್ಲಿನ ರಾಸಾಯನಿಕ ಪರೀಕ್ಷೆ ಮಾಡಿ ಹೇಳಿದ್ರು. ಹೂವಿನ ಮಧ್ಯ ಸೈಕಲ್ ನುಗ್ಗಿಸ್ಬೇಡಿ ದಯವಿಟ್ಟು, ತುಳಿದ ಗಿಡ ಚೇತರಿಸ್ಕೊಳ್ಳೋಕೆ ವರ್ಷಗಟ್ಲೆ ಬೇಕು, ಫೋಟೋಗೋಸ್ಕರ ಮಲಗೋರನ್ನ ನೋಡಿ ನೋಡಿ ಸಾಕಾಗಿದೆ.

ಸ್ಯಾವರ್ನೇಕ್‌ನಲ್ಲಿ ಬಿಗ್ ಬೆಲ್ಲಿ ಓಕ್ ಅಂತ ಇನ್ನೊಂದಿದೆ, ಸಾವಿರ ವರ್ಷದ್ದು ಅಂತಾರೆ, ಹೊಟ್ಟೆ ಸೀಳ್ದೇ ಇರ್ಲಿ ಅಂತ ಕಬ್ಬಿಣದ ಪಟ್ಟಿ ಬಿಗಿದಿದಾರೆ. ಆದ್ರೆ ಅದು ಎ346 ಹೆದ್ದಾರಿ ಅಂಚಲ್ಲೇ ಇದೆ, ಕಾರುಗಳು ಜೋರಾಗಿ ಬರ್ತವೆ. ನೋಡ್ಲೇಬೇಕು ಅಂದ್ರೆ ಸೈಕಲ್ ಕಾಡೊಳಗೇ ನಿಲ್ಸಿ ನಡ್ಕೊಂಡ್ ಹೋಗಿ. ಮತ್ತೆ ಸಂಜೆ ಕಾಲಲ್ಲಿ ಟಿಕ್ (ಉಣ್ಣೆ ಹುಳ) ಹತ್ತಿದ್ಯಾ ನೋಡ್ಕೊಳ್ಳಿ, ಅದು ಕಚ್ಚಿ ಬರೋ ಲೈಮ್ ಕಾಯಿಲೆ ತಮಾಷೆ ಅಲ್ಲ.

ಮಳೆಕೋಟು

ಎಲ್ಲಾ ಸರಿ, ಆದ್ರೆ ಟೋಪಾಥ್ ಶಿಸ್ತಿನ ಬಗ್ಗೆ ಯಾರೂ ಹೇಳ್ಲಿಲ್ವಲ್ಲ. ನಾನು ಈ ಕೆನಾಲ್ ಪಕ್ಕಾನೇ ವಾಸ, ವೀಕೆಂಡ್ ಬಂದ್ರೆ ಕೆಲವು ಸೈಕಲ್‌ನವ್ರ ಆಟ ನೋಡಿ ಮೈ ಉರಿಯುತ್ತೆ. ಬಹಳಷ್ಟು ಟೋಪಾಥ್‌ನಲ್ಲಿ ಸೈಕಲ್‌ಗೆ ಹಕ್ಕು ಅಂತ ಇಲ್ಲ, ನೋಡ್ಕೊಳ್ಳೋ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಅನುಮತಿ ಕೊಟ್ಟಿದೆ ಅಷ್ಟೆ, ನಡೆಯೋರಿಗೇ ಮೊದಲ ಆದ್ಯತೆ. ಮೊದ್ಲು ಪರ್ಮಿಟ್ ಬೇಕಿತ್ತು, ಈಗ ಬೇಡ. ಸೇತುವೆ ಕೆಳಗೆ ತಿರುವಲ್ಲಿ ಎದುರಿಗೆ ಯಾರು ಬರ್ತಿದಾರೆ ಅಂತ ಕಾಣಲ್ಲ, ಎರಡು ಸಲ ಬೆಲ್ ಹೊಡೀರಿ, ತಲೆ ತಗ್ಗಿಸಿ, ಆಗಲ್ಲ ಅಂದ್ರೆ ಇಳಿದು ತಳ್ಳಿ. ಹಾಗೆ ಇಳಿದಾಗ ಹಳೇ ಕೆನಾಲ್ ಸೇತುವೆಗಳ ಮೂಲೆ ನೋಡಿ, ಕುದುರೆ ಎಳೆದ ಹಗ್ಗ ಉಜ್ಜಿ ಉಜ್ಜಿ ಕಲ್ಲಲ್ಲಿ ಬೆರಳು ಇಡುವಷ್ಟು ಗೀರು ಬಿದ್ದಿರುತ್ತೆ, ಜೋರಾಗಿ ಹೋಗೋರಿಗೆ ಅದು ಕಾಣೋದೇ ಇಲ್ಲ. ಮೀನು ಹಿಡಿಯೋರು ಉದ್ದನೇ ಗಳ ದಾರಿಗೆ ಅಡ್ಡ ಚಾಚಿರ್ತಾರೆ, ನಿಂತು ಕಾದ್ರೆ ಅವ್ರೇ ಎಳ್ಕೊತಾರೆ. ಮರಿ ಇಟ್ಕೊಂಡ ಹಂಸ ಮಾತ್ರ ಯಾವ ಬೆಲ್ಲಿಗೂ ಜಗ್ಗಲ್ಲ 😂

ಇನ್ನು ಫುಟ್‌ಪಾತ್ (ನಡೆಯೋರಿಗೆ ಮಾತ್ರ ಇರೋ ದಾರಿ) ಅಂತ ಬೋರ್ಡ್ ಇದ್ರೆ ಸೈಕಲ್ ಹೊಡೆಯಂಗಿಲ್ಲ, ಬ್ರೈಡಲ್‌ವೇ (ಕುದುರೆ ಸವಾರಿ ದಾರಿ) ಆದ್ರೆ ಹೊಡೀಬಹುದು, 1968ರ ಕಂಟ್ರಿಸೈಡ್ ಕಾಯ್ದೆ ಪ್ರಕಾರ, ಆದ್ರೆ ನಡೆಯೋರಿಗೂ ಕುದುರೆಗೂ ದಾರಿ ಬಿಡ್ಬೇಕು. ಆರ್ಡ್‌ನೆನ್ಸ್ ಸರ್ವೇ ಮ್ಯಾಪಲ್ಲಿ ಎರಡೂ ಬೇರೆ ಬೇರೆ ಗೀಟು, ಕಾಡಿಗೆ ಇಳಿಯೋ ಮೊದ್ಲು ನೋಡ್ಕೊಳ್ಳಿ.

ರೆಡಿಂಗ್–ನ್ಯೂಬರಿ ತುಂಡು ಶಾನುಭೋಗ್ರು ಹೇಳಿದಷ್ಟೇನೂ ಕೆಟ್ಟದಿಲ್ಲ ಬಿಡಿ, ನಾಲ್ಕು ದಿನ ಒಣ ಹವೆ ಇದ್ರೆ ಆರಾಮು. ಮಳೆ ಬಂದಿದ್ರೆ ಮಾತ್ರ ಅವ್ರ ಮಾತೇ ಕೇಳಿ.

ಎರಡನೇ_ಗೇರ್

ಅಬ್ಬಾ ಇಷ್ಟು ಮಾಹಿತಿ ಸಿಗುತ್ತೆ ಅಂದ್ಕೊಂಡಿರ್ಲಿಲ್ಲ, ಥ್ಯಾಂಕ್ಸ್. ರೂಟ್ 4 ಫಿಕ್ಸ್, ಬೆಡ್ವಿನ್ ಹತ್ರ ಸ್ಯಾವರ್ನೇಕ್‌ಗೆ ಹೋಗಿ ರಾತ್ರಿ ಮಾರ್ಲ್‌ಬರಾ. ಬೆಳಿಗ್ಗೆ ವೆಸ್ಟ್ ವುಡ್ಸ್ ನೋಡ್ಕೊಂಡು ಮತ್ತೆ ಕಣಿವೆಗೆ ಇಳಿದು ಡಿವೈಜಸ್. ಮಧ್ಯ ಕೈಕೊಟ್ರೆ ರೈಲು ಸಿಗುತ್ತಾ? ಬಾತ್ ಆದ್ಮೇಲೂ ಕೆನಾಲೇನಾ?

ಸೈಕಲ್_ಶಾನುಭೋಗ

ರೈಲು ಕೆನಾಲ್ ಜೊತೆ ಜೊತೇನೇ ಓಡುತ್ತೆ: ಥೀಲ್, ಆಲ್ಡರ್‌ಮಾಸ್ಟನ್, ನ್ಯೂಬರಿ, ಹಂಗರ್‌ಫರ್ಡ್, ಬೆಡ್ವಿನ್, ಪ್ಯೂಸಿ. ಪ್ಯೂಸಿ ಬಿಟ್ರೆ ಟ್ರೋಬ್ರಿಡ್ಜ್ ತನಕ ದಾರೀಲಿ ಸ್ಟೇಷನ್ ಇಲ್ಲ, ಡಿವೈಜಸ್ ಸ್ಟೇಷನ್ 1966ರಲ್ಲೇ ಮುಚ್ಚಿದ್ದು, ಹಾಗಾಗಿ ಏನಾದ್ರೂ ಸದ್ದು ಮಾಡ್ತಿದ್ರೆ ಪ್ಯೂಸಿಲೇ ನಿರ್ಧಾರ ಮಾಡಿ. ಸೈಕಲ್‌ಗೆ ಟಿಕೆಟ್ ಇಲ್ಲ, ಆದ್ರೆ ದೂರದ ಫಾಸ್ಟ್ ರೈಲಿಗೆ ಮುಂಚೆನೇ ಜಾಗ ಬುಕ್ ಮಾಡಿ. ಅದ್ರಲ್ಲಿ ಸೈಕಲ್‌ನ ಎತ್ತಿ ನೇತು ಹಾಕೋ ಇಕ್ಕಟ್ಟಿನ ಗೂಡು, ಪ್ಯಾನಿಯರ್ ಬಿಚ್ಚದೆ ಹೋಗಲ್ಲ.

ಬ್ರಾಡ್‌ಫರ್ಡ್ ಆನ್ ಏವನ್ ದಾಟಿದ ಮೇಲೆ ಕಾಡು ತುಂಬಿದ ಕಣಿವೆ ಬರುತ್ತೆ, ಅಲ್ಲಿ ಏವನ್‌ಕ್ಲಿಫ್‌ನಲ್ಲಿ ಕೆನಾಲೇ ಸೇತುವೆ ಮೇಲೆ ಹತ್ತಿ ನದಿ ದಾಟುತ್ತೆ, ಟೋಪಾಥ್ ದಡ ಬದ್ಲಾಗುತ್ತೆ, ಅದೇ ಸೇತುವೆ ಕೆಳಗೆ ತೂರಿ ಆ ಕಡೆ ಹತ್ಬೇಕು. ಹೊಸಬ್ರು ನೇರ ಹೋಗಿ ಗಲಿಬಿಲಿ ಆಗೋ ಜಾಗ. ಮುಂದೆ ಡಂಡಸ್‌ನಲ್ಲೂ ಹಂಗೇ ನದಿ ದಾಟೋದು. ಅಲ್ಲಿಂದ ಎರಡು ದಾರಿ: ಸೀದಾ ಕೆನಾಲ್ ಹಿಡಿದು ಬಾತ್, ಇಲ್ಲಾಂದ್ರೆ ಟೂ ಟನಲ್ಸ್ ಗ್ರೀನ್‌ವೇ ಕಡೆ ತಿರುಗಿ ಹಳೇ ರೈಲು ಸುರಂಗದೊಳಗಿಂದ ಬಾತ್. 2013ರಲ್ಲಿ ತೆರೆದಿದ್ದು, ಅದರ ಕೂಂಬ್ ಡೌನ್ ಸುರಂಗ ಒಂದು ಮೈಲಿಗಿಂತ ಉದ್ದ, ಒಳಗೆ ದೀಪ ಇದೆ, ಮಧ್ಯದಲ್ಲಿ ಸಂಗೀತಾನೂ ಬರುತ್ತೆ, ಮೇ ತಿಂಗಳಲ್ಲೂ ಒಳಗೆ ಚಳಿ ಹೊಡೆಯುತ್ತೆ, ಜಾಕೆಟ್ ಮೇಲ್ಗಡೆನೇ ಇಟ್ಕೊಳ್ಳಿ. ನಾನಾಗಿದ್ರೆ ಸುರಂಗ.

ಬಾತ್‌ನಲ್ಲಿ ಕೆನಾಲ್ ಮುಗಿದು ನದಿಗೆ ಸೇರುತ್ತೆ, ಆಮೇಲೆ ಅದನ್ನ ಮರ್ತು ಬ್ರಿಸ್ಟಲ್ ಅಂಡ್ ಬಾತ್ ರೈಲ್ವೇ ಪಾತ್ ಹಿಡೀರಿ, 13 ಮೈಲಿ ಡಾಂಬರು, ಇಡೀ ನ್ಯಾಷನಲ್ ನೆಟ್‌ವರ್ಕ್ ಶುರುವಾಗಿದ್ದೇ ಆ ತುಂಡಿಂದ. ಸಂಜೆ ಆಫೀಸ್ ಬಿಡೋ ಹೊತ್ತಿಗೆ ಬ್ರಿಸ್ಟಲ್ ಒಳಗೆ ಹೋಗ್ಬೇಡಿ, ಎದುರಿಂದ ಬರೋ ಸೈಕಲ್ ದಂಡಲ್ಲಿ ಪ್ಯಾನಿಯರ್ ಹಾಕ್ಕೊಂಡು ನಿಧಾನಕ್ಕೆ ಹೋಗೋದು ಕಷ್ಟ, ಮಧ್ಯಾಹ್ನ ಮೂರರೊಳಗೆ ಸೇರ್ಕೊಳ್ಳಿ.