ಹಳೆಯ ಬೈಕಿಗೆ ಕಾನೂನುಬದ್ಧ ನಂಬರ್ ಪ್ಲೇಟ್: ಅಂಗಡಿಯಲ್ಲಿ ಮಾಡಿಸಬಹುದೇ, ಎಚ್‌ಎಸ್‌ಆರ್‌ಪಿಯೇ ಆಗಬೇಕೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. 2014ರಲ್ಲಿ ಕರ್ನಾಟಕದಲ್ಲಿ ನೋಂದಣಿಯಾದ ಒಂದು ಬೈಕನ್ನು ಇತ್ತೀಚೆಗೆ ಪರಿಚಯದವರಿಂದ ಕೊಂಡಿದ್ದೇನೆ. ಅದರ ಹಿಂದಿನ ನಂಬರ್ ಪ್ಲೇಟ್ ತುಕ್ಕು ಹಿಡಿದು ಅಂಚು ಮುರಿದಿದೆ. ಮುಂದಿನದಂತೂ ಪ್ಲೇಟೇ ಅಲ್ಲ. ಮಡ್‌ಗಾರ್ಡಿನ ಮೇಲೆ ಉದ್ದಕ್ಕೆ ನಿಲ್ಲಿಸಿದ ಸಣ್ಣ ತಗಡಿನ ಎರಡೂ ಬದಿಗೆ ಸಂಖ್ಯೆ ಬರೆಸಿದ್ದಾರೆ. ಪ್ಲೇಟ್ ಮಾಡುವ ಅಂಗಡಿಯವರೊಬ್ಬರು ಹೊಲೊಗ್ರಾಂ, ನೀಲಿ ಬಣ್ಣದ ‘ಐಎನ್‌ಡಿ’ ಅಕ್ಷರ, ಉಬ್ಬಚ್ಚಿನ ಸಂಖ್ಯೆ ಎಲ್ಲವೂ ಇರುವ ಪ್ಲೇಟನ್ನು ನಿಂತ ಹಾಗೇ ಮಾಡಿಕೊಡುವುದಾಗಿ ಹೇಳುತ್ತಾರೆ. ಆರ್‌ಸಿ ಇನ್ನೂ ಹಿಂದಿನ ಮಾಲೀಕರ ಹೆಸರಿನಲ್ಲಿದೆ. ಅಂಥ ಪ್ಲೇಟ್ ಹಾಕಿಸಿಕೊಂಡರೆ ಕಾನೂನಿಗೆ ಒಪ್ಪಿಗೆಯಾಗುತ್ತದೆಯೇ? ಇಲ್ಲವೆಂದಾದರೆ ಮೊದಲು ಹೆಸರು ವರ್ಗಾವಣೆ ಮಾಡಿಸಬೇಕೇ, ಪ್ಲೇಟ್ ಹಾಕಿಸಬೇಕೇ? ತಿಳಿದವರು ದಯವಿಟ್ಟು ಹೇಳಿ.

ಮೊದಲ ಉತ್ತರ

ದಯವಿಟ್ಟು ಅಂಗಡಿಯ ಪ್ಲೇಟ್ ಹಾಕಿಸಬೇಡಿ. ನೋಡಲು ಎಷ್ಟೇ ಹೋಲಿಕೆಯಿದ್ದರೂ ಅದು ಎಚ್‌ಎಸ್‌ಆರ್‌ಪಿ, ಅಂದರೆ ಅತಿ ಸುರಕ್ಷಿತ ನೋಂದಣಿ ಫಲಕ, ಆಗುವುದಿಲ್ಲ.

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 50ನೆಯ ನಿಯಮ ಈ ಫಲಕದ ಸ್ವರೂಪವನ್ನು ವಿವರವಾಗಿ ಹೇಳುತ್ತದೆ. ಒಂದು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಹಾಳೆ, ಅದರ ಮೇಲೆ ಬೆಳಕು ಪ್ರತಿಫಲಿಸುವ ಪದರ, ಎಡ ಮೇಲ್ತುದಿಯಲ್ಲಿ 20 ಮಿಲಿಮೀಟರ್ ಚೌಕದ ಕ್ರೋಮಿಯಂ ಹೊಲೊಗ್ರಾಂ, ಅಕ್ಷರಗಳ ಮೇಲೆ ಶಾಖದಿಂದ ಒತ್ತಿದ ಬರಹವುಳ್ಳ ಪದರ, ಒಮ್ಮೆ ಹಾಕಿದ ಮೇಲೆ ಮುರಿಯದೆ ತೆಗೆಯಲಾಗದ ಸ್ನ್ಯಾಪ್ ಲಾಕ್ ಇವೆಲ್ಲ ಕಣ್ಣಿಗೆ ಕಾಣುವ ಗುರುತುಗಳು. ಆದರೆ ಇವುಗಳಿಗಿಂತ ಮುಖ್ಯವಾದದ್ದು ಎಡಭಾಗದ ಕೆಳಗೆ ಲೇಸರಿನಿಂದ ಮೂಡಿಸಿದ ಸಂಖ್ಯೆ. ಮುಂದಿನ ಫಲಕಕ್ಕೆ ಒಂದು, ಹಿಂದಿನದಕ್ಕೆ ಬೇರೊಂದು ಸಂಖ್ಯೆಯಿದ್ದು, ಎರಡೂ ನಿಮ್ಮ ವಾಹನದ ಚಾಸಿ ಮತ್ತು ಎಂಜಿನ್ ಸಂಖ್ಯೆಗಳೊಂದಿಗೆ ಸರ್ಕಾರದ ‘ವಾಹನ್’ ದತ್ತಾಂಶದಲ್ಲಿ ದಾಖಲಾಗುತ್ತವೆ. ಅಂಗಡಿಯವರು ಹೊಲೊಗ್ರಾಂ ಅಂಟಿಸಿಯಾರು, ಲೇಸರ್ ಸಂಖ್ಯೆಯಂತೆ ಕಾಣುವ ಏನನ್ನಾದರೂ ಅಚ್ಚೂ ಹಾಕಿಯಾರು. ದಾಖಲೆಯೊಳಗೆ ಅದನ್ನು ಸೇರಿಸಲು ಅವರಿಂದ ಸಾಧ್ಯವಿಲ್ಲ. ಕಳುವಾದ ಬೈಕಿಗೆ ಬೇರೆಯವರ ಸಂಖ್ಯೆ ಹಾಕಿ ಓಡಿಸುವುದನ್ನು ತಡೆಯಲೆಂದೇ ಈ ವ್ಯವಸ್ಥೆ ಬಂದಿರುವಾಗ, ಅನುಕರಣೆಯ ಪ್ಲೇಟ್ ಹಾಕಿಕೊಂಡು ತಪಾಸಣೆಯಲ್ಲಿ ಸಿಕ್ಕರೆ ಹಳೆಯ ಪ್ಲೇಟ್ ಇದ್ದವರಿಗಿಂತ ಹೆಚ್ಚಿನ ಅನುಮಾನಕ್ಕೆ ನೀವು ಗುರಿಯಾಗುತ್ತೀರಿ. ಪ್ರಾಮಾಣಿಕವಾಗಿ ಬೈಕ್ ಕೊಂಡವರಿಗೆ ಆ ಸ್ಥಿತಿ ಬರಬಾರದು.

2019ರ ಏಪ್ರಿಲ್ 1ರಿಂದ ತಯಾರಾದ ವಾಹನಗಳಿಗೆ ತಯಾರಕರೇ ಡೀಲರುಗಳ ಮೂಲಕ ಈ ಫಲಕವನ್ನು ಒದಗಿಸುತ್ತಾರೆ. ಅದಕ್ಕೂ ಮೊದಲು ನೋಂದಣಿಯಾದವುಗಳಿಗೆ ಕರ್ನಾಟಕ ಸರ್ಕಾರ 2023ರ ಆಗಸ್ಟ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಗಡುವನ್ನು ಹಲವು ಬಾರಿ ಮುಂದೂಡಿದ್ದರಿಂದ ಅನೇಕರು ಇದು ಐಚ್ಛಿಕವೆಂದು ಭಾವಿಸಿದ್ದಾರೆ. ಅದು ಸರಿಯಲ್ಲ, ನಿಮ್ಮ 2014ರ ಬೈಕಿಗೂ ಇದು ಕಡ್ಡಾಯ.

ಎರಡನೆಯ ಉತ್ತರ

ಮೇಲಿನವರು ಹೇಳಿದ್ದು ಸರಿಯಾಗಿದೆ. ನಾನು ಕ್ರಮದ ಬಗ್ಗೆ ಬರೆಯುತ್ತೇನೆ, ಏಕೆಂದರೆ ಹಳೆಯ ವಾಹನ ಕೊಂಡವರು ಸಿಕ್ಕಿಕೊಳ್ಳುವುದು ಇಲ್ಲಿಯೇ.

ಎಚ್‌ಎಸ್‌ಆರ್‌ಪಿ ಇಲ್ಲದ ವಾಹನಕ್ಕೆ ಮಾಲೀಕತ್ವದ ವರ್ಗಾವಣೆ, ವಿಳಾಸ ಬದಲಾವಣೆ, ಸಾಲದ ನಮೂದನ್ನು ತೆಗೆಸುವುದು ಮುಂತಾದ ಸೇವೆಗಳನ್ನು ನೀಡುವುದಿಲ್ಲವೆಂದು ಸಾರಿಗೆ ಇಲಾಖೆ ಆ ಅಧಿಸೂಚನೆಯ ಸಮಯದಲ್ಲೇ ತಿಳಿಸಿತ್ತು. ಆದ್ದರಿಂದ ಮೊದಲು ಫಲಕ, ಆಮೇಲೆ ವರ್ಗಾವಣೆ. ಫಲಕವು ವಾಹನಕ್ಕೆ ಸೇರಿದ್ದೇ ಹೊರತು ಮಾಲೀಕರಿಗೆ ಸೇರಿದ್ದಲ್ಲವಾದ್ದರಿಂದ, ಹೆಸರು ಬದಲಾದ ಮೇಲೆ ಮತ್ತೆ ಹಾಕಿಸಬೇಕಾಗಿಲ್ಲ. ಹಾಗೆಂದು ವರ್ಗಾವಣೆಯನ್ನು ಮುಂದೆ ತಳ್ಳಬೇಡಿ. ಮೋಟಾರು ವಾಹನ ಕಾಯ್ದೆಯ 50ನೆಯ ಕಲಮಿನ ಪ್ರಕಾರ, ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ತಿಳಿಸಬೇಕು. ವರ್ಗಾವಣೆಯ ಅರ್ಜಿಗಳಾದ ನಮೂನೆ 29 ಮತ್ತು 30ಕ್ಕೆ ಹಿಂದಿನ ಮಾಲೀಕರ ಸಹಿಯನ್ನು ಅವರು ಸಂಪರ್ಕದಲ್ಲಿರುವಾಗಲೇ ಪಡೆದುಕೊಳ್ಳಿ.

ಬುಕಿಂಗ್‌ಗೆ ಕೂರುವ ಮುನ್ನ ಆರ್‌ಸಿ ಕೈಯಲ್ಲಿ ಹಿಡಿದು ಬೈಕಿನ ಬಳಿಗೇ ಹೋಗಿ. ಹ್ಯಾಂಡಲ್ ತಿರುಗುವ ಕೊಳವೆಯ ಮೇಲೆ ಚಾಸಿ ಸಂಖ್ಯೆಯೂ ಎಂಜಿನ್ ಕವಚದ ಮೇಲೆ ಎಂಜಿನ್ ಸಂಖ್ಯೆಯೂ ಸಾಮಾನ್ಯವಾಗಿ ಇರುತ್ತವೆ. ಎಣ್ಣೆ ಮತ್ತು ಮಣ್ಣು ಒರೆಸಿ, ಒಂದೊಂದೇ ಅಕ್ಷರವನ್ನು ಆರ್‌ಸಿಯೊಂದಿಗೆ ಹೋಲಿಸಿ. ಬುಕಿಂಗ್‌ನಲ್ಲಿ ಕೊಡುವ ವಿವರ ‘ವಾಹನ್’ ದಾಖಲೆಗೆ ಹೊಂದದಿದ್ದರೆ ಮುಂದಿನ ಹಂತಕ್ಕೆ ಹೋಗಲಾಗುವುದಿಲ್ಲ, ಆಗ ಆರ್‌ಟಿಒ ಕಚೇರಿಯಲ್ಲಿ ದಾಖಲೆ ತಿದ್ದಿಸಬೇಕು. ಬೈಕಿನ ಮೇಲಿರುವ ಸಂಖ್ಯೆಯೇ ಆರ್‌ಸಿಗಿಂತ ಬೇರೆಯಾಗಿ ಕಂಡರೆ ಪ್ಲೇಟಿನ ವಿಚಾರ ಬಿಟ್ಟು, ಮಾರಿದವರನ್ನು ಮೊದಲು ವಿಚಾರಿಸಿ.

ಬುಕಿಂಗನ್ನು ಸಾರಿಗೆ ಇಲಾಖೆಯ ಅಧಿಕೃತ ಜಾಲತಾಣದಿಂದ ಅಥವಾ ವಾಹನ ತಯಾರಕರ ಒಕ್ಕೂಟವಾದ ಸಿಯಾಮ್‌ನ ಜಾಲತಾಣದಿಂದ ಆರಂಭಿಸಿ. ಹುಡುಕಾಟದಲ್ಲಿ ಮೊದಲು ಕಾಣುವ ಜಾಹೀರಾತುಗಳನ್ನು, ವಾಟ್ಸ್‌ಆಪ್‌ನಲ್ಲಿ ಬರುವ ಕೊಂಡಿಗಳನ್ನು ಒತ್ತಬೇಡಿ. ಇದೇ ಹೆಸರಿನಲ್ಲಿ ನಕಲಿ ತಾಣಗಳು ಹಣ ಕಿತ್ತುಕೊಂಡಿವೆ. ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಶುಲ್ಕವನ್ನು ಆನ್‌ಲೈನಿನಲ್ಲೇ ಪಾವತಿಸಬೇಕು, ಡೀಲರಿಗೆ ನಗದು ಕೊಡಬೇಕಾಗಿಲ್ಲ. ಫಲಕವನ್ನು ಕೈಗೆ ಕೊಡುವುದಿಲ್ಲ. ನಿಗದಿಯಾದ ದಿನ ಅದನ್ನು ಬೈಕಿಗೇ ಹಾಕಿಸಿಕೊಳ್ಳಬೇಕು. ರಸೀದಿಯನ್ನು ಜೋಪಾನವಾಗಿಡಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಇನ್ನೆರಡು ಸಂದೇಹಗಳಿವೆ. ಮಡ್‌ಗಾರ್ಡಿನ ಮೇಲಿನ ಆ ಉದ್ದ ತಗಡನ್ನು ಹಾಗೆಯೇ ಉಳಿಸಿಕೊಳ್ಳಬಹುದೇ? ಸಂಖ್ಯೆಯನ್ನು ಕನ್ನಡ ಅಂಕಿಗಳಲ್ಲಿ ಹಾಕಿಸಲು ಅವಕಾಶವಿದೆಯೇ? ಕನ್ನಡದಲ್ಲಿದ್ದರೆ ಸಂತೋಷವೆಂಬುದು ನನ್ನ ಮನಸ್ಸಿನ ಆಸೆ.

ಮೂರನೆಯ ಉತ್ತರ

ನಿಮ್ಮ ಆಸೆ ನನ್ನದೂ ಹೌದು. ಆದರೆ ಮೊದಲ ಉತ್ತರದಲ್ಲಿ ಹೇಳಿದ ಅದೇ 50ನೆಯ ನಿಯಮ ನೋಂದಣಿ ಗುರುತಿನ ಅಕ್ಷರಗಳು ಇಂಗ್ಲಿಷಿನಲ್ಲಿಯೂ ಅಂಕಿಗಳು ಅರೇಬಿಕ್ ರೂಪದಲ್ಲಿಯೂ ಇರಬೇಕೆಂದು ಹೇಳುವುದರಿಂದ, ಫಲಕದಲ್ಲಿ ಕನ್ನಡ ಅಂಕಿಗಳಿಗೆ ಈಗ ಅವಕಾಶವಿಲ್ಲ. ಆ ನಿಯಮ ಬದಲಾಗಬೇಕೆಂದು ಕೇಳುವುದು ನ್ಯಾಯವೇ. ಬದಲಾಗುವ ತನಕ ಭಾಷೆಯ ಮೇಲಿನ ಪ್ರೀತಿಯನ್ನು ಟ್ಯಾಂಕಿನ ಮೇಲೆ ಬರೆಸಿ, ಫಲಕದ ಮೇಲೆ ಬೇಡ.

ಉದ್ದ ತಗಡನ್ನು ಉಳಿಸಿಕೊಳ್ಳುವಂತಿಲ್ಲ. ಮೋಟಾರ್ ಸೈಕಲ್‌ಗಳ ಮುಂದಿನ ಸಂಖ್ಯೆಯು ವಾಹನದ ಉದ್ದಕ್ಕೆ ಇರದೆ, ಹ್ಯಾಂಡಲ್‌ಗೆ ಸಮಾನಾಂತರವಾಗಿ, ಎದುರಿನಿಂದ ಬರುವವರಿಗೆ ಕಾಣುವಂತೆ ಇರಬೇಕು. ಹಾಗೆ ಎದುರು ಮುಖವಾಗಿದ್ದರೆ ಮಡ್‌ಗಾರ್ಡಿನ ಮೇಲಿದ್ದರೂ ಅಡ್ಡಿಯಿಲ್ಲ. ಅಕ್ಷರದ ಅಳತೆ 51ನೆಯ ನಿಯಮದಲ್ಲಿದೆ. ಹಿಂಬದಿಯಲ್ಲಿ ಅಕ್ಷರಗಳು 35 ಮಿಲಿಮೀಟರ್, ಅಂಕಿಗಳು 40 ಮಿಲಿಮೀಟರ್ ಎತ್ತರವಿರಬೇಕು; 70 ಸಿಸಿ ಮತ್ತು ಹೆಚ್ಚಿನ ಬೈಕುಗಳ ಮುಂಬದಿಯಲ್ಲಿ ಎರಡೂ 30 ಮಿಲಿಮೀಟರ್. ಎಚ್‌ಎಸ್‌ಆರ್‌ಪಿಯಲ್ಲಿ ಇದು ತಾನಾಗಿಯೇ ಸರಿಯಾಗಿ ಬರುತ್ತದೆ.

ಹಿಂದಿನ ಪ್ಲೇಟ್ ತುಕ್ಕು ಹಿಡಿದಿದೆ ಎಂದಿದ್ದೀರಿ, ಹಾಗಿದ್ದರೆ ಅದನ್ನು ಹಿಡಿದಿರುವ ಬ್ರಾಕೆಟ್ಟನ್ನೂ ಪರೀಕ್ಷಿಸಿ. ಅಲುಗಾಡುವ ಬ್ರಾಕೆಟ್ಟಿಗೆ ಸ್ನ್ಯಾಪ್ ಲಾಕ್ ಹಾಕಿದರೆ ಕಂಪನಕ್ಕೆ ಹೊಸ ಫಲಕದ ರಂಧ್ರಗಳೇ ಹರಿಯುತ್ತವೆ, ಮತ್ತೆ ಅದಕ್ಕಾಗಿ ಬುಕಿಂಗ್ ಮಾಡಬೇಕಾಗುತ್ತದೆ. ಫಲಕದ ಮೇಲಿನ ಪುಟ್ಟ ಬಿಳಿ ದೀಪ ಉರಿಯುತ್ತಿದೆಯೇ ಎಂಬುದನ್ನೂ ನೋಡಿಕೊಳ್ಳಿ. ಹಿಂದಿನ ಸಂಖ್ಯೆ ರಾತ್ರಿಯಲ್ಲಿ 15 ಮೀಟರ್ ದೂರದಿಂದ ಓದಲು ಬರುವಷ್ಟು ಬೆಳಕಿರಬೇಕೆಂದು 105ನೆಯ ನಿಯಮ ಹೇಳುತ್ತದೆ. ಹಿಂದಿನ ಮಡ್‌ಗಾರ್ಡ್ ಕತ್ತರಿಸಿ ಪ್ಲೇಟನ್ನು ಸೀಟಿನಡಿಗೆ ಮಡಚುವ ಬಿಡಿಭಾಗಗಳಲ್ಲಿ ಈ ದೀಪ ಅನೇಕ ವೇಳೆ ಇರುವುದೇ ಇಲ್ಲ. ನಿಮ್ಮ ಬೈಕಿಗೆ ಹಿಂದಿನವರು ಅಂಥದ್ದನ್ನೇನಾದರೂ ಹಾಕಿಸಿದ್ದರೆ, ಫಲಕ ಹಾಕಿಸುವ ದಿನಕ್ಕೆ ಮೊದಲೇ ಮೂಲ ಮಡ್‌ಗಾರ್ಡನ್ನು ದೀಪದ ಸಮೇತ ಮತ್ತೆ ಜೋಡಿಸಿಕೊಳ್ಳಿ.